ನಾಲ್ಕನೇ ರೀಲಿಲ್ಲದ ಸಿನಿಮಾ ಮತ್ತು ನಂಜುಂಡಮಾವನ ಧಾರೆ

ಉಂಡೆ ಕೊಬ್ಬರಿಯ ವಾಸನೆಯನ್ನು ವರ್ಣಿಸು ಅಂದರೆ ನನ್ನಿಂದ ಆಗುವುದಿಲ್ಲ. ಅದರಲ್ಲಿ ಎಣ್ಣೆಯ ವಾಸನೆಯಿದೆ, ಹೊಗೆಯ ವಾಸನೆಯಿದೆ, ಗೋಣಿಚೀಲದ ವಾಸನೆಯೂ ಸೇರಿಕೊಂಡಿದೆ. ಹೋದ ತಿಂಗಳು ತಿಪಟೂರಿನ ಬಸ್ ನಿಲ್ದಾಣದಲ್ಲಿ ಇಳಿದ ದಿನ ಮಾರ್ಕೆಟ್ಟಿನಲ್ಲಿ ಹರಾಜು. ಮೂಟೆ ತುಂಬಿದ ಲಾರಿಯೊಂದು ನನ್ನ ಮೂಗಿನ ಮುಂದೆಯೇ ಹಾದುಹೋಯಿತು. ತಟ್ಟನೆ ನೆನಪಾದದ್ದು ಒಂದು ಸಿನಿಮಾ. ಅದೂ ಎಂಥ ಸಿನಿಮಾ! ಮನುಷ್ಯರ ನೆನಪನ್ನು ಕಿತ್ತು ಸೀಸೆಯಲ್ಲಿ ತುಂಬಿಡುವ ಸಿನಿಮಾ. ಅದನ್ನು ನಾನು ಇವತ್ತಿಗೂ ಪೂರ್ತಿ ನೋಡಿಲ್ಲ. ಆದರೆ ಅದರ ಕೊನೆ ಏನು ಅಂತ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ, ಯಾಕೆಂದರೆ ಆ ಕೊನೆಯನ್ನು ಹೇಳಿದವಳೇ ನಾನು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಂದಿಕೆರೆಯ ಹುಡುಗಿ. ತಿಪಟೂರಿನಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಗಂಗಮ್ಮತ್ತೆ ನಮ್ಮಪ್ಪನ ಅಕ್ಕ. ಅವಳ ಗಂಡ ನಂಜುಂಡಮಾವ. ಅವರ ಒಬ್ಬಳೇ ಮಗಳು ಶಶಿಕಲಾ ನನ್ನ ವಾರಿಗೆಯವಳು. ಮನೆಯ ಯಜಮಾನಿಕೆ ಮಾವನ ಅಣ್ಣ ಸಿದ್ದಲಿಂಗಪ್ಪನವರದು. ಅವರನ್ನು ನಾವು ದೊಡ್ಡಮಾವ ಅನ್ನುತ್ತಿದ್ದೆವು. ಹಣೆ ತುಂಬ ವಿಭೂತಿ, ಅಳೆದು ತೂಗಿ ಮಾತು. ಕೆಟ್ಟವರಲ್ಲ, ಆದರೆ ನಾಲ್ಕು ಜನ ಏನಂದಾರು ಅನ್ನುವುದೇ ಅವರ ಅರ್ಧ ಆಯಸ್ಸು ತಿಂದಿತ್ತು.

ನಮ್ಮ ಕಡೆ ಬಲಿತ ತೆಂಗಿನಕಾಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟುಕೊಂಡ ಮೇಲೆ ಕೆಳಗಿಳಿಸಿ ಸುಲಿಯುವುದು. ಆ ವರ್ಷ ಸಂಕ್ರಾಂತಿ ಕಳೆದ ವಾರ, ಕಾಯಿ ಇಳಿಸುವಾಗ ಏಣಿ ಜಾರಿ ನಂಜುಂಡಮಾವ ಹಿಮ್ಮುಖವಾಗಿ ಬಿದ್ದ. ತಲೆಗೆ ಪೆಟ್ಟಾಯಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮೂರು ವಾರವಿದ್ದು ಮನೆಗೆ ಬಂದ. ಕೈಕಾಲು ಗಟ್ಟಿ, ಮಾತು ಸ್ಪಷ್ಟ, ಹಸಿವು ಮೊದಲಿಗಿಂತ ಜಾಸ್ತಿ. ನೆನಪು ಮಾತ್ರ ಇಲ್ಲ. ತನ್ನ ಹೆಸರೂ ಇಲ್ಲ, ಹೆಂಡತಿಯೂ ಇಲ್ಲ, ಮಗಳೂ ಇಲ್ಲ. ಹೇಳಿಕೊಟ್ಟ ಹೆಸರೂ ಗಳಿಗೆಯಲ್ಲಿ ಮರೆಯುವುದು, ಕೈಯಾರೆ ಮಾಡಿದ ಕೆಲಸ ಮಾತ್ರ ನೆನಪಿರುವುದು. ಬಂದರೂ ಬರಬಹುದು, ಬರದೆಯೂ ಇರಬಹುದು ಅಂದುಬಿಟ್ಟರು ಡಾಕ್ಟರು.

ಮೊದಲ ದಿನ ಊಟಕ್ಕೆ ಕೂತ ಮಾವ ಸಾರು ಸುರಿದುಕೊಂಡು ಅತ್ತೆಯ ಕಡೆ ತಿರುಗಿ, “ನಿಮ್ಮನೆ ಸಾರು ಬಲೇ ಚೆನ್ನಾಗೈತೆ ಕಣ್ರಮ್ಮ” ಅಂದ. ಬಹುವಚನ! ಅತ್ತೆ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ತಿಂಗಳು ಕಳೆಯುವಷ್ಟರಲ್ಲಿ ಅವಳೇ ನಗಲು ಶುರುಮಾಡಿದಳು. “ಇಪ್ಪತ್ತೈದು ವರ್ಸ ನಾನಿಟ್ಟ ಸಾರು ತಿಂದು ಒಂದಿನ ಚೆನ್ನಾಗೈತೆ ಅನ್ನಲಿಲ್ಲ ಕಣೇ ಗಿರಿಜಾ. ತಲೆಗೆ ಪೆಟ್ಟು ಬಿದ್ಮೇಲೆ ಬುದ್ಧಿ ಬಂತು ನೋಡು” ಅನ್ನುವಳು. ನನಗೆ ಆ ಹೆಂಗಸಿನ ಎದೆಗಾರಿಕೆ ಕಂಡು ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಬಂದುಹೋಗುವವರ ಬಾಯಿಗೆ ಬೀಗವಿರಲಿಲ್ಲ. ಬಂದವರೆಲ್ಲ ಮಾವನ ಮುಂದೆ ಕೂತು, “ನಾನ್ಯಾರು ಹೇಳು?” ಅಂತ ಪರೀಕ್ಷೆ ಮಾಡುವರು. ಪಾಪ, ಮಾವ ನಕ್ಕು, “ನೀವೇ ಹೇಳ್ಬುಡಿ, ನಂಗೂ ತಿಳಿದಂಗಾಯ್ತದೆ” ಅನ್ನುವನು. ಅವರು ಹೊರಗೆ ಬಂದು, “ಅವನು ಅವನಲ್ಲ ಬುಡು, ಬರೀ ದೇಹ ಐತೆ” ಅಂತ ನಿಟ್ಟುಸಿರು ಬಿಟ್ಟು ಕಾಫಿ ಕುಡಿದು ಹೋಗುವರು. ನನಗೆ ಮೈ ಉರಿಯುತ್ತಿತ್ತು. ಅವನು ಅವನಲ್ಲದಿದ್ದರೆ ನೀವು ಯಾರ ಮನೆಯ ಕಾಫಿ ಕುಡಿದಿರಿ ಅಂತ ಒಬ್ಬರನ್ನು ಕೇಳಿಯೂ ಬಿಟ್ಟೆ. ಅದಕ್ಕೆ ಅತ್ತೆಯಿಂದಲೇ ಬೈಗುಳ ತಿಂದೆ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಶಶಿಕಲಾಳ ಮದುವೆ ಹಿಂದಿನ ದೀಪಾವಳಿಗೇ ಗೊತ್ತಾಗಿತ್ತು, ತುರುವೇಕೆರೆಯ ಕಡೆಯ ಗಂಡು. ವೈಶಾಖದಲ್ಲಿ ಲಗ್ನ. ಧಾರೆ ಎರೆಯುವವರು ಯಾರು? ದೊಡ್ಡಮಾವ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದವರು ಹಜಾರದಲ್ಲಿ ನಿಂತು ತೀರ್ಪು ಕೊಟ್ಟರು: “ಧಾರೆ ನಾನೇ ಎರೀತೀನಿ. ಮಗಳ ಹೆಸರೇ ಗೊತ್ತಿಲ್ಲದೋನು ಯಾರಿಗೆ ಯಾರನ್ನ ಧಾರೆ ಎರೀತಾನೆ? ಆತ್ಮ ಅಂದ್ರೆ ಅರಿವು. ಅರಿವಿಲ್ಲದ ಮೇಲೆ ಅದು ಶಾಸ್ತ್ರ ಆಗಲ್ಲ. ಬೀಗರ ಮುಂದೆ ನಗೆಪಾಟಲಾಗೋದು ಬ್ಯಾಡ.”

ಶಶಿಕಲಾ ಕಡ್ಡಿ ಮುರಿದಂತೆ ಹೇಳಿದಳು. “ಅಪ್ಪ ಧಾರೆ ಎರೀದಿದ್ರೆ ನಾನು ಹಸೆಮಣೆ ಮ್ಯಾಲೆ ಕೂರಲ್ಲ ದೊಡ್ಡಪ್ಪ.”

“ನಿಮ್ಮಪ್ಪನಿಗೆ ನೀನು ಯಾರು ಅಂತ ಗೊತ್ತೇನವ್ವಾ?”

ಅತ್ತೆ ಬಾಗಿಲ ಹಿಂದೆಯೇ ನಿಂತಿದ್ದಳು. ಆ ಮನೆಯ ಪದ್ಧತಿಯೇ ಹಾಗೆ. ಗಂಡನ ಅಣ್ಣನ ಎದುರಿಗೆ ಹೆಂಗಸು ನಿಲ್ಲುವಂತಿಲ್ಲ, ನೇರ ಮಾತಾಡುವಂತಿಲ್ಲ. ಏನಿದ್ದರೂ ಬಾಗಿಲ ಮರೆಯಿಂದ ಇನ್ನೊಬ್ಬರ ಮೂಲಕ. “ಗಿರಿಜಾ, ಉಪ್ಪು ತೀರೋಯ್ತು ಅಂತ ಹೇಳು” ಅಂತ ಅತ್ತೆ ಅನ್ನುವುದು, ಮೂರು ಮೊಳ ದೂರದಲ್ಲಿ ಕೂತ ದೊಡ್ಡಮಾವನಿಗೆ ಅದು ಕೇಳಿಸುವುದು, ಆದರೂ ನಾನು “ದೊಡ್ಡಮಾವ, ಉಪ್ಪು ತೀರಿದೆಯಂತೆ” ಅನ್ನುವುದು. ಮೂರು ವರ್ಷ ಈ ನಾಟಕ ಆಡಿದ್ದೆ.

ಸಿನಿಮಾ ಬಂದದ್ದು ಇದರ ನಡುವೆ. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಾಧವರಾವ್ ಮೇಷ್ಟ್ರಿಗೆ ಸಿನಿಮಾ ಹುಚ್ಚು. ಒಂದು ಸಣ್ಣ ಪ್ರೊಜೆಕ್ಟರು ಹೊಂದಿಸಿಕೊಂಡು, ಬೆಂಗಳೂರಿನಿಂದ ರೈಲಿನಲ್ಲಿ ರೀಲಿನ ಡಬ್ಬಿ ತರಿಸಿ, ಕಾಲೇಜಿನ ಹಾಲಿನಲ್ಲಿ ಪರದೇಶದ ಚಿತ್ರಗಳನ್ನು ತೋರಿಸುತ್ತಿದ್ದರು. ಅದು ಪರೀಕ್ಷೆಯ ಕಾಲ, ಹಾಲ್ ಸಿಗಲಿಲ್ಲ. ಮೇಷ್ಟ್ರು ನಮ್ಮ ದೊಡ್ಡಮಾವನನ್ನು ಕೇಳಿ ನಮ್ಮ ಕೊಬ್ಬರಿ ಗೋಡೌನು ಹಿಡಿದರು. ಕಿಟಕಿಯಿಲ್ಲದ ಕಟ್ಟಡ, ಬಾಗಿಲು ಹಾಕಿದರೆ ಮಟಮಟ ಮಧ್ಯಾಹ್ನವೂ ಕಗ್ಗತ್ತಲು. ಭಾನುವಾರ ಹನ್ನೊಂದಕ್ಕೆ ಸಿನಿಮಾ ಅಂತಾಯಿತು. ಶುಕ್ರವಾರವೇ ನಾಲ್ಕು ಡಬ್ಬಿ ಬಂದು ಗೋಡೌನಿನಲ್ಲಿ ಕೂತವು. ಶನಿವಾರ ಅಲ್ಲಿದ್ದ ಕೊಬ್ಬರಿಯನ್ನೆಲ್ಲ ಮೂಟೆ ಕಟ್ಟಿ ದೆಹಲಿಗೆ ಹೋಗುವ ವ್ಯಾಗನ್ನಿಗೆ ತುಂಬಿದರು.

“ಭಾಷೆ ಯಾರಿಗೂ ತಿಳಿಯಲ್ಲಮ್ಮ. ಕೆಳಗೆ ಇಂಗ್ಲಿಷಿನಲ್ಲಿ ಬರುತ್ತೆ. ನೀನು ಪರದೆ ಪಕ್ಕ ನಿಂತು ಕನ್ನಡದಲ್ಲಿ ಹೇಳ್ತಾ ಹೋಗು” ಅಂದರು ಮೇಷ್ಟ್ರು. ಮಾತಾಡು ಅಂದರೆ ನಾನು ಬಿಡುವವಳೇ!

ಆ ಭಾನುವಾರ ಬಿಸಿಲು ಕಾದ ಹಂಚಾಗಿತ್ತು. ಗೋಡೌನಿನೊಳಗೆ ಕಾಯಿ ಸುಲಿಯುವವರು, ಚಿಪ್ಪು ಹೊಡೆಯುವ ಹೆಂಗಸರು, ಹಮಾಲರು, ಹತ್ತಾರು ವಿದ್ಯಾರ್ಥಿಗಳು, ಅಂಗಡಿಯವರು ಎಲ್ಲರೂ ತುಂಬಿಕೊಂಡರು. ಮುಂದಿನ ಕುರ್ಚಿಯಲ್ಲಿ ದೊಡ್ಡಮಾವ. ಪಕ್ಕದ ಕೋಣೆಯ ಬಾಗಿಲ ಮರೆಯಲ್ಲಿ ಅತ್ತೆ, ಶಶಿಕಲಾ. ಹೊಸ್ತಿಲ ಮೇಲೆ ನಂಜುಂಡಮಾವ, ಕೈಯಲ್ಲೊಂದು ಗೋಣಿಚೀಲ, ಅದನ್ನು ಹೊಲಿಯುವ ದಬ್ಬಳ. ಅವನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ.

ಕಥೆ ಹೀಗಿತ್ತು. ಯಾವುದೋ ದೂರದ ಗ್ರಹದ ಮೇಲೆ ಒಂದು ಗಣಿ, ಪಕ್ಕದಲ್ಲೇ ಕೆಲಸಗಾರರ ಮನೆಗಳು. ಗಣಿಯೊಳಗೆ ಅವರು ಮನೆ ನೆನೆದು ಕೊರಗಬಾರದು ಅಂತ ದಿನಾ ಬೆಳಿಗ್ಗೆ ಅವರ ನೆನಪನ್ನು ಯಂತ್ರದಿಂದ ಹೀರಿ ಸೀಸೆಯಲ್ಲಿಡುತ್ತಾರೆ, ಸಂಜೆ ವಾಪಸು ತುಂಬುತ್ತಾರೆ. ಒಂದು ದಿನ ಗಣಿ ಕುಸಿದು ಒಬ್ಬ ಹುಡುಗ ಸಾಯುತ್ತಾನೆ, ಅವನ ಸೀಸೆ ಉಳಿಯುತ್ತದೆ. ಇನ್ನೊಬ್ಬ ಹುಡುಗ ಬದುಕಿರುತ್ತಾನೆ, ಅವನ ಸೀಸೆ ಒಡೆದಿರುತ್ತದೆ. ಕೆಲಸ ನಿಲ್ಲಬಾರದಲ್ಲ, ಸತ್ತವನ ನೆನಪನ್ನು ಬದುಕಿದವನಿಗೆ ತುಂಬಿಬಿಡುತ್ತಾರೆ. ಅವನು ನೆಟ್ಟಗೆ ಸತ್ತವನ ಮನೆಗೆ ನಡೆಯುತ್ತಾನೆ. ಬಾಗಿಲಲ್ಲಿ ಸತ್ತವನ ತಾಯಿ.

ಎರಡನೇ ರೀಲಿಗೇ ಹಮಾಲಿ ಕರಿಯಪ್ಪ ಕೂಗಿದ. “ಇದು ಪರಕಾಯ ಪ್ರವೇಶ ಕಣ್ರಪ್ಪ! ನಮಗೇನ್ ಹೊಸದಾ?” ಎಲ್ಲರಿಗೂ ಸಮಾಧಾನವಾಯಿತು. ಗ್ರಹ, ಯಂತ್ರ, ಸೀಸೆ ಯಾವುದೂ ಅಲ್ಲಿಂದಾಚೆಗೆ ಅವರಿಗೆ ಅಡ್ಡ ಬರಲಿಲ್ಲ. ಬದುಕಿದ ಹುಡುಗ ತಾನು ಎಂದೂ ಕಾಣದ ಮನೆಯೊಳಗೆ ಹೋಗಿ, ಯಾವ ಮೆಟ್ಟಿಲು ಕಿರುಗುಟ್ಟುತ್ತದೆ ಅಂತ ತಿಳಿದವನಂತೆ ಅದನ್ನು ದಾಟಿ ಕಾಲಿಟ್ಟಾಗ ಹೆಂಗಸರು “ಅಯ್ಯೋ ಶಿವನೇ” ಅಂದರು. ಮೂರನೇ ರೀಲಿನ ಕೊನೆಗೆ ಗಣಿಯ ಅಧಿಕಾರಿಗಳು ಬಂದರು. ತಾಯಿಯನ್ನು ಕೇಳಿದರು, ನಾನು ಕನ್ನಡದಲ್ಲಿ ಗಂಟಲು ಹರಿಯುವಂತೆ ಹೇಳಿದೆ: “ಇವನು ನಿನ್ನ ಮಗನೇ? ಹೌದು ಅಂದರೆ ಬಿಟ್ಟುಹೋಗುತ್ತೇವೆ. ಅಲ್ಲ ಅಂದರೆ ಒಯ್ದು ನೆನಪು ಅಳಿಸಿ ಗಣಿಗೆ ದೂಡುತ್ತೇವೆ. ಈಗಲೇ ಹೇಳು.” ತಾಯಿ ಬಾಯಿ ತೆರೆದಳು. ರೀಲು ಮುಗಿಯಿತು. ಪರದೆ ಬೆಳ್ಳಗಾಯಿತು.

ನಾಲ್ಕನೇ ಡಬ್ಬಿ ಇಲ್ಲ.

ಬಾಗಿಲು ತೆಗೆದು ಮೂಲೆಮೂಲೆ ಹುಡುಕಿದರು. ಮೇಷ್ಟ್ರ ಮುಖ ಸುಣ್ಣ ಬಳಿದ ಗೋಡೆ. ಆಗ ಹೊಸ್ತಿಲ ಮೇಲಿಂದ ಮಾವ ತಣ್ಣಗೆ ಕೇಳಿದ, “ಏನು, ಆ ರೌಂಡು ಡಬ್ಬಿನಾ? ನೆನ್ನೆ ಮೂಟೆ ಹೊಲಿವಾಗ ಒಂದ್ರ ತಳಕ್ಕೆ ಇಟ್ಟೆ. ಮೂಟೆ ನೆಟ್ಟಗೆ ನಿಂತ್ಕತ್ತು. ಬಲು ಚೆಂದಾಗಿತ್ತು.”

ಗೋಡೌನೇ ಹಾರಿಹೋಗುವಂತೆ ಜನ ನಕ್ಕರು. ಪರದೇಶದ ಸಿನಿಮಾದ ಕೊನೆ ಕೊಬ್ಬರಿ ಮೂಟೆಯ ತಳದಲ್ಲಿ ಕೂತು ದೆಹಲಿಗೆ ಹೊರಟಿತ್ತು! ಇಂಥ ತಪ್ಪು ತಿಪಟೂರಿನಲ್ಲಲ್ಲದೆ ಇನ್ನೆಲ್ಲಾದರೂ ಆದೀತೇ? ನನಗೂ ನಗು ಬಂತು, ಆದರೆ ದೊಡ್ಡಮಾವನ ಮುಖ ನೋಡಿ ಅಲ್ಲೇ ಇಂಗಿತು. ಅವರು ಎದ್ದು ನಿಂತಿದ್ದರು. “ನೋಡಿದ್ರಲ್ಲ? ಈ ಸ್ಥಿತೀಲಿರೋನು ನಾಳೆ ಧಾರೆ ಗಿಂಡಿ ಹಿಡೀಬೇಕಂತೆ.”

ಮದುವೆಯ ಜಗಳ ಊರಿಗೇ ಗೊತ್ತಿತ್ತು. ಆ ಬಿಗುವು ಸಹಿಸಲಾರದೆ ನಾನೇ ಜನರ ಕಡೆ ತಿರುಗಿ ಕೇಳಿದೆ: “ಹೋಗ್ಲಿ, ನೀವೇ ಹೇಳಿ. ಆ ತಾಯಿ ಏನನ್ನಬೇಕು?”

“ಮಗನೇ ಅಂತಾಳೆ ಕಣವ್ವಾ!” ಅಂದಳು ಚಿಪ್ಪು ಹೊಡೆಯುವ ಕೆಂಪಮ್ಮ. “ಮೊಕ ಬ್ಯಾರೆ ಆದ್ರೇನು? ಮೆಟ್ಲು ಗೊತ್ತು, ಅವ್ಳು ಮಾಡೋ ಅಡುಗೆ ಗೊತ್ತು, ನೆಪ್ಪೆಲ್ಲಾ ಅವ್ಳ ಮಗಂದೇ. ಇನ್ನೇನ್ ಬೇಕು?”

“ಹೌದೌದು” ಅಂತ ಎಲ್ಲ ಕೂಗಿದರು.

ದೊಡ್ಡಮಾವ ನಿಧಾನವಾಗಿ ತಲೆಯಾಡಿಸಿದರು. “ಸರಿಯಾಗಿ ಹೇಳ್ದೆ ಕೆಂಪಮ್ಮ. ದೇಹ ಬೇರೆಯಾದ್ರೂ ನೆನಪಿದ್ರೆ ಅವನೇ ಮಗ. ಅಂದ್ಮೇಲೆ ದೇಹ ಇದ್ದು ನೆನಪಿಲ್ಲದಿದ್ರೆ? ನೀವೇ ಕೊಟ್ಟ ತೀರ್ಪು. ನಾನೇನೂ ಹೇಳಿಲ್ಲ.”

ತರ್ಕಕ್ಕೆ ಒಂದು ಸಣ್ಣ ಬಿರುಕೂ ಇರಲಿಲ್ಲ. ಬಾಗಿಲ ಸಂದಿಯಲ್ಲಿ ಶಶಿಕಲಾ ಅಳುತ್ತಿದ್ದಳು. ಎಂಥ ಹಾಳು ಸಿನಿಮಾ ತಂದಿರಿ ಮೇಷ್ಟ್ರೇ ಅಂತ ಒಳಗೊಳಗೇ ಶಪಿಸಿದೆ.

ಆಗ ಬಾಗಿಲ ಮರೆಯಿಂದ ಅತ್ತೆಯ ದನಿ ಬಂತು. “ಗಿರಿಜಾ, ನಿಮ್ಮ ದೊಡ್ಡಮಾವನಿಗೆ ಹೇಳು. ಆ ಆಪೀಸರುಗಳು ಹುಡುಗನ್ನ ಏನೂ ಕೇಳಲಿಲ್ಲ. ಅವನಿಗೆ ಏನು ನೆಪ್ಪೈತೆ, ಏನು ನೆಪ್ಪಿಲ್ಲ ಅಂತ ಕೇಳಲೇ ಇಲ್ಲ. ಕೇಳಿದ್ದು ತಾಯಿನ.”

ಅಭ್ಯಾಸಬಲದಿಂದ ನಾನು ಶುರುಮಾಡಿದೆ, “ದೊಡ್ಡಮಾವ, ಆ ಅಧಿಕಾರಿಗಳು ಹುಡುಗನನ್ನು...”

“ನೀನು ಸುಮ್ಕಿರು, ನಾನೇ ಹೇಳ್ತೀನಿ” ಅಂತ ಅತ್ತೆ ಹೊರಗೆ ಬಂದುಬಿಟ್ಟಳು. ಸೆರಗು ಹೊದ್ದಿದ್ದಳು, ತಲೆ ಬಗ್ಗಿಸಿರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಭಾವನ ಮುಖ ನೋಡಿ ಮಾತಾಡಿದಳು. ದೊಡ್ಡಮಾವ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರು.

“ತಪ್ಪು ತಿಳೀಬ್ಯಾಡಿ ಭಾವ. ಹುಟ್ಟಿದ ದಿನ ನಿಮಗೆ ಏನು ನೆಪ್ಪಿತ್ತು? ನಿಮ್ಮ ಹೆಸರು ಗೊತ್ತಿತ್ತಾ, ನಿಮ್ಮಪ್ಪ ಯಾರು ಅಂತ ಗೊತ್ತಿತ್ತಾ? ನಿಮ್ಮವ್ವ ಎತ್ಕಂಡು ಇದು ನನ್ನ ಮಗು ಅಂದ್ಲು. ಅವತ್ತಿಂದ ನೀವು ನೀವಾದ್ರಿ. ನಮ್ಮನ್ನ ನಾವು ಅಂತ ಮೊದಲು ಹೇಳೋರು ನಾವಲ್ಲ ಭಾವ, ನಮ್ಮೋರು. ಇವರ ನೆಪ್ಪು ಇವರತ್ರ ಇಲ್ಲ, ಒಪ್ಕತ್ತೀನಿ. ಎಲ್ಲೋಯ್ತು? ನನ್ನತ್ರ ಐತೆ. ಶಶಿ ಹತ್ರ ಐತೆ. ಕೆರೇಲಿ ಮುಳುಗ್ತಿದ್ದ ತಮ್ಮನ್ನ ಕೂದಲು ಹಿಡಿದು ಎಳೆದಿದ್ರಂತೆ, ಆ ನೆಪ್ಪು ನಿಮ್ಮತ್ರ ಇಲ್ವಾ? ಒಂದು ಮನೆ ಸಾಮಾನು ಒಬ್ಬರ ಕೋಣೇಲಿ ಇಲ್ಲಾಂದ್ರೆ ಇನ್ನೊಬ್ಬರ ಕೋಣೇಲಿ ಇರ್ತದೆ. ಕಳುವಾಯ್ತು ಅಂತ ಯಾಕೆ ಬೊಬ್ಬೆ ಹಾಕ್ಬೇಕು?”

ಮಾವ ದಬ್ಬಳ ಕೆಳಗಿಟ್ಟು ಎಲ್ಲರನ್ನೂ ನೋಡಿದ. “ಏನೋ ಮದುವೆ ಅಂತೀರಿ. ನಾನೇನ್ ಮಾಡ್ಬೇಕು ಹೇಳ್ರಪ್ಪ, ಮಾಡ್ತೀನಿ. ಹಿಂಗೆ ನನ್ನ ಮುಂದೇನೇ ನನ್ನ ವಿಷ್ಯ ಮಾತಾಡ್ತಾ ಕೂತ್ರೆ ಕೆಲ್ಸ ಆಗಾಕಿಲ್ಲ.”

ಮತ್ತೆ ನಗೆ ಎದ್ದಿತು. ದೊಡ್ಡಮಾವ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು. “ಚಿಕ್ಕೋನಿದ್ದಾಗ್ಲೂ ಹಿಂಗೇ ಬಡ್ಕೊತಿದ್ದ. ಮಾತು ಸಾಕು ಕೆಲ್ಸ ಹೇಳು, ಮಾತು ಸಾಕು ಕೆಲ್ಸ ಹೇಳು ಅಂತ” ಅಂದರು. “ಆಗ್ಲಿ ಕಣಮ್ಮ. ಅವನೇ ಎರೀಲಿ. ಹೆಚ್ಚುಕಮ್ಮಿ ಆದ್ರೆ ನನ್ನ ಬೈಬ್ಯಾಡಿ.”

ಶಶಿಕಲಾ ಒಳಗಿನಿಂದ ಓಡಿಬಂದು ಅವರ ಕಾಲಿಗೆ ಬಿದ್ದಳು. ಮೇಷ್ಟ್ರು ಮೆಲ್ಲಗೆ ನನ್ನ ಬಳಿ ಬಂದು, “ಜನ ಕಾಯ್ತಿದ್ದಾರಮ್ಮ, ಸಿನಿಮಾ ಮುಗಿಸು” ಅಂದರು. ಖಾಲಿ ಪರದೆಯ ಪಕ್ಕ ನಿಂತು, ಬಾಗಿಲಿಂದ ಬಂದ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಾನು ಹೇಳಿದೆ: “ತಾಯಿ ಅಂದಳು, ಹೌದು, ಇವನು ನನ್ನ ಮಗ. ನನ್ನ ಮನೆಯ ಬಾಗಿಲು ಬಿಟ್ಟು ನಡೀರಿ. ಅಧಿಕಾರಿಗಳು ಬಾಲ ಮುದುರಿಕೊಂಡು ಹೋದರು. ಸಿನಿಮಾ ಮುಗಿಯಿತು.” ಕರಿಯಪ್ಪ ಹೊಡೆದ ಸಿಳ್ಳೆಗೆ ನನ್ನ ಕಿವಿ ಸಂಜೆಯವರೆಗೂ ಗುಂಯ್ ಅನ್ನುತ್ತಿತ್ತು.

ಡಬ್ಬಿ ತಿಂಗಳ ಮೇಲೆ ವಾಪಸು ಬಂತು. ದೆಹಲಿಯ ವ್ಯಾಪಾರಿ ಗಾಬರಿಯಾಗಿ, ಇದು ಯಾವ ಜಾತಿಯ ಕೊಬ್ಬರಿ ಅಂತ ಕಾಗದ ಬರೆದಿದ್ದ. ಮೇಷ್ಟ್ರು ಒಬ್ಬರೇ ಕೂತು ಆ ರೀಲು ನೋಡಿದರು. ಕೊನೆ ಏನು ಸಾರ್ ಅಂದರೆ, “ನಮ್ಮದೇ ಚೆನ್ನಾಗಿತ್ತು ಬಿಡಮ್ಮ” ಅಂದರು. ನಾನು ಮತ್ತೆ ಕೇಳಲಿಲ್ಲ.

ಪರೀಕ್ಷೆಗಳು ಮುಗಿದವು. ಭರಣಿ ಮಳೆ ಆ ವರ್ಷ ಕೈಕೊಡದೆ ಬಂತು. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರವೆದ್ದಿತು. ಅದರ ಅರ್ಧ ಗರಿ ಹೆಣೆದವನು ಮಾವನೇ. ಯಾರ ಮದುವೆಗೆ ಅಂತ ದಿನಕ್ಕೆ ಮೂರು ಸಲ ಕೇಳುವನು, ನಾವು ದಿನಕ್ಕೆ ಮೂರು ಸಲ ಹೇಳುವೆವು. ಯಾರಿಗೂ ಬೇಸರವಿರಲಿಲ್ಲ. ದೊಡ್ಡಮಾವನೂ ಒಮ್ಮೆ ಪಕ್ಕದಲ್ಲಿ ಕೂತು, ಕೆರೆಯಲ್ಲಿ ಮುಳುಗಿದ ಕಥೆ ಹೇಳುತ್ತಿದ್ದುದನ್ನು ನಾನೇ ಕಂಡೆ. ಮಾವ ಬೆರಗಾಗಿ, “ಆಮೇಲೆ ಆ ಹುಡುಗ ಬದುಕಿದ್ನಾ?” ಅಂತ ಕೇಳುತ್ತಿದ್ದ.

ಮುಹೂರ್ತದ ದಿನ ಮಾವನಿಗೆ ಹೊಸ ಪಂಚೆ ಉಡಿಸಿ, ಶಲ್ಯ ಹೊದಿಸಿ ಅತ್ತೆಯ ಪಕ್ಕ ನಿಲ್ಲಿಸಿದರು. ಹಸೆಮಣೆಯ ಮೇಲೆ ಗಂಡು, ಶಶಿಕಲಾ. ಇಬ್ಬರ ಜೋಡಿಸಿದ ಕೈ ಮೇಲೆ ತೆಂಗಿನಕಾಯಿ. ಹಾಲು ತುಂಬಿದ ಗಿಂಡಿಯನ್ನು ಪುರೋಹಿತರು ಮಾವನ ಕೈಗೆ ಕೊಟ್ಟು, “ಎರೆಯಪ್ಪ” ಅಂದರು. ಮಾವ ಗಿಂಡಿ ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ.

ಎಣಿಸಿದರೆ ನಾಲ್ಕು ಉಸಿರು ಇರಬಹುದು, ನನಗೆ ಯುಗವಾಯಿತು. ಬೀಗರ ಕಡೆ ಗುಸುಗುಸು ಶುರುವಾಯಿತು. ದೊಡ್ಡಮಾವ ಮುಂದೆ ಬರಲು ಕಾಲೆತ್ತಿದರು. ಅತ್ತೆ ಕಣ್ಣಿನಲ್ಲೇ ಅವರನ್ನು ತಡೆದಳು.

ಮಾವ ಬಗ್ಗಿ ಮದುಮಗಳ ಮುಖವನ್ನೇ ನೋಡಿದ. ಚಪ್ಪರಕ್ಕೆಲ್ಲ ಕೇಳುವಂತೆ, “ನಿನ್ನ ಹೆಸರೇನವ್ವಾ?” ಅಂದ.

ಮುಗಿಯಿತು ಕಥೆ ಅಂದುಕೊಂಡೆ.

ಶಶಿಕಲಾ ಬಾಸಿಂಗ ಕಟ್ಟಿದ ತಲೆಯನ್ನು ಎತ್ತಿದಳು. ಮದುಮಗಳು ತಲೆ ಎತ್ತಬಾರದು ಅಂತ ಬೆಳಿಗ್ಗೆಯಿಂದ ಹತ್ತು ಜನ ಹೇಳಿದ್ದರು. “ಶಶಿಕಲಾ” ಅಂದಳು, ಅಪ್ಪನಿಗಿಂತ ಗಟ್ಟಿಯಾಗಿ.

“ಚೆಂದಾಗೈತೆ. ಯಾರಿಟ್ರು?”

“ನೀನೇ ಕಣಪ್ಪಾ ಇಟ್ಟಿದ್ದು.”

ಆಗ ಮಾವನ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೆನ್ನು ನೆಟ್ಟಗೆ ಮಾಡಿ ನಿಂತು, ಬೀಗರ ಕಡೆಯವರನ್ನೂ ನಮ್ಮ ಕಡೆಯವರನ್ನೂ ಒಮ್ಮೆ ನೋಡಿ, “ನಾನೇ ಇಟ್ಟಿದ್ದಂತೆ ಕಣ್ರಪ್ಪ!” ಅಂತ ಸಾರಿ ಹೇಳಿ, ಒಂದು ಹನಿ ಆಚೀಚೆ ಬೀಳದಂತೆ ಧಾರೆ ಎರೆದ.

“ಗಟ್ಟಿಮೇಳ! ಗಟ್ಟಿಮೇಳ!” ಅಂತ ಎಲ್ಲರಿಗಿಂತ ಮೊದಲು ಕೂಗಿದವರು ನಮ್ಮ ದೊಡ್ಡಮಾವ.